ಕನಿಷ್ಠ ದೂರ

ನಾಪೋಕ್ಲು ಪೇಟೆಯಲ್ಲಿ ನನ್ನದೊಂದು ಸ್ಟುಡಿಯೋ.
ಮುಂಬಾಗಿಲಿಗೆ ಬಸ್‌ಸ್ಟ್ಯಾಂಡು. ಹಿಂಬದಿಯ ದೊಡ್ಡ ಗಾಜಿಗೆ
ಕಾಫಿ ತೋಟ, ಅದರಾಚೆ
ಹಗಲಲ್ಲೂ ದೀಪ ಬೇಕಾದ ದೇವರಕಾಡು.
ಮುಂದಿನಿಂದ ಬಂದವರಿಗೆ ಹೇಳುತ್ತೇನೆ:
ಗದ್ದ ಸ್ವಲ್ಪ ಎತ್ತಿ, ಉಸಿರು ಹಿಡೀಬೇಡಿ, ಇಲ್ನೋಡಿ.
ಹಿಂದೆ ಬಂದು ಕೂತವು
ಒಂದೂ ನನ್ನ ಮಾತು ಕೇಳಿದ್ದಿಲ್ಲ.

ಮಾರ್ಚಿಯಲ್ಲಿ ಹೂಮಳೆ ಬಿದ್ದ ಎಂಟನೇ ದಿನ
ತೋಟ ಒಂದೇ ರಾತ್ರಿಗೆ ಬೆಳ್ಳಗಾಗಿತ್ತು.
ಆ ಬಿಳಿಯ ಮೇಲೆ ಬಿಳಿ ರಾಜಹಕ್ಕಿ
ಗೇಣು ಮೀರಿದ ಬಾಲ ಎಳೆದುಕೊಂಡು ಹೋದದ್ದು
ನನ್ನ ಫೋಟೋದಲ್ಲಿ ಒಂದು ಗೀರು.
'ಲೆನ್ಸಿಗೆ ನೂಲು ಅಂಟಿದೆ' ಅಂದ ಮೀನಿನ ಮೊಯ್ದು,
ಮತ್ತಿ ತೂಗುತ್ತ.

ಕಕ್ಕಡದಲ್ಲಿ ಯಾರಿಗೂ ಮುಖ ಬೇಡ.
ಕ್ಯಾಮೆರಾ ಅಕ್ಕಿ ಡಬ್ಬದೊಳಗೆ, ಬೂಷ್ಟು ಹಿಡಿಯದ ಹಾಗೆ.
ಹದಿನೆಂಟರಂದು ಮದ್ದುಪಾಯಸ ತಿಂದು
ನಾಲಿಗೆ ನೇರಳೆ ಮಾಡಿಕೊಂಡು ಮಲಗಿದೆ.
ಬೆಳಗಾಗುವ ಮುಂಚೆ, ಆ ಜಡಿಯಲ್ಲೂ, ಸಿಳ್ಳಾರ.
ಡಬ್ಬ ತೆರೆದು, ಅಕ್ಕಿ ಕೊಡವಿ
ಆ ಕತ್ತಲೆಯದ್ದೇ ಒಂದು ಫೋಟೋ ತೆಗೆದೆ.
ನೋಡಿದವರಿಗೆ ಕಪ್ಪು.
ಸ್ವರ ಯಾವ ಮೂಲೆಯಲ್ಲಿತ್ತು, ನನಗೆ ಗೊತ್ತು.

ತುಲಾ ಸಂಕ್ರಮಣಕ್ಕೆ ತಲಕಾವೇರಿಯ ಬಸ್ಸುಗಳು
ತುಂಬಿ ಹೋಗುತ್ತಿದ್ದ ಬೆಳಗು.
ಬೀಗ ತೆಗೆಯುವಾಗ ಹಿಂದೆ ಟಪ್ಪೆಂದಿತು.
ಕೆಸದೆಲೆಗಳ ನಡುವೆ
ನವರಂಗ.
ಹನ್ನೊಂದು ವರ್ಷ ಕಾದಿದ್ದೆ ಅದಕ್ಕೆ,
ಒದ್ದೆ ಎಲೆಗಳ ಮೇಲೆ ಬೋರಲು ಮಲಗಿ,
ಜಿಗಣೆಗಳಿಗೆ ಕಾಲು ಕೊಟ್ಟು.
ಈಗ ಅಂಗೈಯಲ್ಲಿ. ಬಿಸಿ.
ಹೆಗಲ ನೀಲಿ, ಬೆನ್ನ ಹಸಿರು, ಬುಡದ ಕೆಂಪು,
ಯಾರೋ ಈಗಷ್ಟೇ ಹಚ್ಚಿ ಕುಂಚ ತೊಳೆಯಲು ಹೋದಂತೆ.
ನನ್ನ ಲೆನ್ಸಿಗೆ ಕನಿಷ್ಠ ಹನ್ನೊಂದಡಿ ದೂರ ಬೇಕು.
ಅಂಗೈಗೂ ಕಣ್ಣಿಗೂ ಒಂದಡಿ.
ಸೆಕೆಂಡನ್ನು ಸಾವಿರ ಚೂರು ಮಾಡಿ ಎಣಿಸುವ ನನಗೆ
ಬಡಿತ ನಿಂತದ್ದು ಯಾವಾಗೆಂದು ತಿಳಿಯಲಿಲ್ಲ.

ಹನ್ನೊಂದಡಿ ಆಚೆ, ಪಾಚಿಯ ಮೇಲೆ ಇಟ್ಟಿದ್ದರೆ
ಅಲ್ಲಾಡದೆ ಇರುತ್ತಿತ್ತು.
ಗದ್ದ ಎತ್ತಿಟ್ಟಿದ್ದರೆ ಹಾಗೇ.
ಇಡಲಿಲ್ಲ.
ಗಾಜಿನ ಮೇಲೆ ಗರಿಯ ಹುಡಿಯ ಅಚ್ಚು ಉಳಿದಿತ್ತು,
ಎರಡೂ ರೆಕ್ಕೆ ಬಿಚ್ಚಿದ್ದು, ಸ್ಪಷ್ಟ.
ಅದರ ಸುತ್ತ ಮರ, ಮೋಡ, ಒಂದಿಷ್ಟು ಬಿಸಿಲು.
ದಿನಾ ಒರೆಸಿ ಒರೆಸಿ
ನಾನೇ ಆಕಾಶ ಮಾಡಿಟ್ಟ ಗಾಜು.

ಅವತ್ತು ಡ್ರಾಯರ್ ಎಳೆದೆ.
ತೆಗೆಸಿಕೊಂಡು ಒಯ್ಯಲು ಬಾರದವರು ಅಲ್ಲಿದ್ದರು.
ಪಿಂಚಣಿಯ ಅರ್ಜಿಗೆ ಸುಬೇದಾರ್ ಕುಟ್ಟಯ್ಯ,
ಹಾಲ್‌ಟಿಕೆಟ್ಟಿಗೆ ಎರಡು ಜಡೆಯ ಹುಡುಗಿ,
ಹೆಣ್ಣು ನೋಡಲು ಹೊರಟಿದ್ದ ಯಾರೋ, ಒಂದೇ ಹುಬ್ಬು ಮೇಲೆ,
ರೇಷನ್ ಕಾರ್ಡಿಗೆ ಕಣ್ಣು ಮುಚ್ಚಿಬಿಟ್ಟ ಬೊಳ್ಳಚ್ಚಿ.
ಲ್ಯಾಮಿನೇಟ್ ಮಾಡಿ, ನಾಲ್ಕು ಬೆರಳಿಗೊಬ್ಬರಂತೆ
ಹೊರಮೈಗೆ ಅಂಟಿಸಿದೆ, ಕಾಡಿಗೆ ಮುಖ ಮಾಡಿ.
ಒಳಗಿನಿಂದ ಕಾಣುವುದು ಬೆನ್ನು, ಪೆನ್ಸಿಲಿನ ನನ್ನ ಅಕ್ಷರ:
ಬಾಕಿ ಹತ್ತು ರೂಪಾಯಿ.

ಪುತ್ತರಿ ಕದಿರು ಕೊಯ್ದ ಮರುದಿನವೇ ಮಡಿವಾಳ ಹಕ್ಕಿ ಬಂದು
ಸುಬೇದಾರರಿಗೆ ಬಾಲ ಕುಣಿಸಿ ಬೈದು ಹೋಯಿತು.
ಕುಟುರ ಹುಡುಗಿಯ ಜಡೆ ಕುಕ್ಕಿತು.
ಮರುವರ್ಷದ ತುಲಾ ತಿಂಗಳಿಡೀ
ಬೀಗ ಕೈಯಲ್ಲಿ ಹಿಡಿದು ಕಿವಿಗೊಟ್ಟು ನಿಂತೆ.
ಟಪ್ಪೆನ್ನಲಿಲ್ಲ.

ಮೊನ್ನೆ ಸಂಜೆ ಬೊಳ್ಳಚ್ಚಿ ಬಂದಳು, ಕೈಯಲ್ಲಿ ಹತ್ತು ರೂಪಾಯಿ.
ಹಿತ್ತಿಲಿಗೆ ಕರೆದು ತೋರಿಸಿದೆ.
ತನ್ನನ್ನೇ ಬಹಳ ಹೊತ್ತು ನೋಡಿ ಅಂದಳು:
'ಅದು ಅಲ್ಲೇ ಮಲಗಿರಲಿ. ಬೇರೆ ತೆಗಿ.'
ಅಲ್ಲೇ, ಆ ಬೆಳಕಲ್ಲೇ ನಿಲ್ಲಿಸಿ
ಗದ್ದ ಎತ್ತು ಅಂದೆ, ಇಲ್ನೋಡು ಅಂದೆ.
ತೋಟದ ಒಳಗೆಲ್ಲೋ ಎರಡೇ ಸ್ವರ, ಮತ್ತೆ ಎರಡೇ.
ಅತ್ತ ತಿರುಗಿದಳು ಬೊಳ್ಳಚ್ಚಿ,
ಬಾಯಿ ಅರ್ಧ ತೆರೆದು.

ಯಾವ ಕಚೇರಿಯೂ ಒಪ್ಪದ ಫೋಟೋ.
ಒತ್ತಿದೆ.